ಬೆಂಕಿಯ ಕುಂಡದಲ್ಲಿ ತಿಳಿನೀರು



ನೀರು ನಿಂತಲ್ಲಿ ನಮ್ಮ ಹಿರಿಯರು ಕೈ ಮುಗಿದರು. ನದಿಗಳು ಕೂಡಿದಲ್ಲಿ ಕ್ಷೇತ್ರವಾಯಿತು, ಕೆರೆ ತುಂಬಿದಲ್ಲಿ ಜಾತ್ರೆಯಾಯಿತು. ಶರಣರು ಬಂದ ಮೇಲೆ ಈ ಭಾವನೆಗೆ ಹೊಸದೊಂದು ಅರ್ಥ ದೊರೆಯಿತು. ತೀರ್ಥವನ್ನು ಅರಸಿಕೊಂಡು ಊರೂರು ಅಲೆಯಬೇಕಾಗಿಲ್ಲ. ಗುರುವು ಕರುಣಿಸಿ ಕರಸ್ಥಲಕ್ಕೆ ಕೊಟ್ಟ ಇಷ್ಟಲಿಂಗವಿರುವೆಡೆಯಲ್ಲಿಯೇ ತೀರ್ಥವಿದೆ ಎಂದು ಅವರು ತಿಳಿಸಿದರು. ಹೀಗಿರುವಾಗ ಕಡಲಾಚೆಯ ಸರೋವರವೊಂದಕ್ಕೆ ಈ ತಿಂಗಳ ಪುಟಗಳನ್ನು ಮೀಸಲಿಡುವುದೇಕೆ ಎಂದು ವಾಚಕರು ಕೇಳಬಹುದು. ಆ ಸರೋವರ ನಮಗೆ ತೀರ್ಥವಲ್ಲ, ನಿಜ. ಆದರೆ ಭಕ್ತಿಯೆಂಬುದು ತಾನು ಪ್ರೀತಿಸಿದ್ದನ್ನು ಹೇಗೆ ಕಾಯುತ್ತದೆ ಮತ್ತು ಹೇಗೆ ಕೆಡಿಸುತ್ತದೆ ಎಂಬ ಎರಡನ್ನೂ ಒಂದೇ ಕಡೆಯಲ್ಲಿ ತೋರಿಸುವ ಅಂತಹ ಇನ್ನೊಂದು ಸ್ಥಳವನ್ನು ನಾನು ಕಂಡಿಲ್ಲ. ಆ ಕಾರಣದಿಂದ ಈ ಬರಹ.

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮದಂಚಿನಲ್ಲಿ ಆರೆಗಾನ್ ಎಂಬ ರಾಜ್ಯವಿದೆ. ಅದರ ನಡುವೆ ಉತ್ತರ ದಕ್ಷಿಣವಾಗಿ ಕ್ಯಾಸ್ಕೇಡ್ ಎಂಬ ಪರ್ವತಶ್ರೇಣಿ ಹಾದುಹೋಗಿದೆ. ನಮ್ಮ ಸಹ್ಯಾದ್ರಿಯಂತೆ ಅದು ತಣ್ಣಗಾದ ಬೆಟ್ಟಗಳ ಸಾಲಲ್ಲ. ಅಲ್ಲಿಯ ಶಿಖರಗಳು ಇಂದಿಗೂ ಒಳಗೆ ಕಾವನ್ನಿಟ್ಟುಕೊಂಡಿರುವ ಅಗ್ನಿಪರ್ವತಗಳು. ಆ ಶ್ರೇಣಿಯ ದಕ್ಷಿಣ ಭಾಗದಲ್ಲಿ, ಊರುಕೇರಿಗಳಿಂದ ಬಹುದೂರದಲ್ಲಿ, ಒಡೆದು ಕುಸಿದ ಪರ್ವತವೊಂದರ ಹೊಟ್ಟೆಯೊಳಗೆ ಕ್ರೇಟರ್ ಲೇಕ್ ಎಂಬ ಸರೋವರ ನಿಂತಿದೆ. ಪೋರ್ಟ್‌ಲ್ಯಾಂಡ್ ನಗರದಲ್ಲಿ ನೆಲೆಸಿರುವ ವಿಜಯಪುರ ಜಿಲ್ಲೆಯ ಶರಣ ಕುಟುಂಬವೊಂದು ೨೦೨೩ರ ಜುಲೈ ತಿಂಗಳಿನಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದಿತು. ಮನೆಯೊಡೆಯರು, ಅವರ ಪತ್ನಿ, ಇಬ್ಬರು ಮಕ್ಕಳು, ಆ ಮಕ್ಕಳ ಅಜ್ಜಿ ಹಾಗೂ ನಾನು, ಹೀಗೆ ಆರು ಜನ. ಸುಮಾರು ೪೦೦ ಕಿಲೋಮೀಟರುಗಳ ಹಾದಿ.

ಹಾದಿಯ ಬೂದಿ

ಉತ್ತರದ ಬಾಗಿಲಿನಿಂದ ಒಳಹೊಗುವವರಿಗೆ ಸರೋವರಕ್ಕಿಂತ ಮೊದಲು ಒಂದು ಬಯಲು ಎದುರಾಗುತ್ತದೆ. ಅದುವರೆಗೆ ಇಕ್ಕೆಲಗಳಲ್ಲಿಯೂ ಒತ್ತಾಗಿ ನಿಂತಿದ್ದ ಪೈನ್ ಮತ್ತು ಫರ್ ಮರಗಳು ಅಲ್ಲಿ ಒಮ್ಮೆಲೇ ನಿಂತುಬಿಡುತ್ತವೆ. ಮುಂದೆ ಕಾಣುವುದು ಬೂದುಬಣ್ಣದ ನೆಲ, ಅಲ್ಲಲ್ಲಿ ಅಂಗೈಯಗಲದ ಗಿಡಗಳು, ಅಷ್ಟೆ. ಇದು ನೊರೆಗಲ್ಲಿನ ಬಯಲು. ಅಗ್ನಿಪರ್ವತದ ಒಡಲಿನ ಕಾದ ರಸವು ಗಾಳಿಗುಳ್ಳೆಗಳೊಡನೆ ಉಕ್ಕಿ ಆರಿದಾಗ ಉಂಟಾಗುವ ಕಲ್ಲು ಅದು. ಕೈಗೆತ್ತಿಕೊಂಡರೆ ಬೆಂಡಿನಂತೆ ಹಗುರ, ನೀರಿಗಿಟ್ಟರೆ ತೇಲುತ್ತದೆ. ಆ ಕಲ್ಲಿನ ಪುಡಿ ನೀರನ್ನು ಹಿಡಿದಿಡಲಾರದು, ಬೇರಿಗೆ ಸಾರವನ್ನೂ ಕೊಡಲಾರದು. ಪರ್ವತ ಒಡೆದು ಏಳು ಸಾವಿರದ ಏಳುನೂರು ವರ್ಷಗಳು ಕಳೆದರೂ ಆ ಬಯಲಿನಲ್ಲಿ ಇನ್ನೂ ಕಾಡು ಬೆಳೆದಿಲ್ಲ.

ಆ ಪರ್ವತಕ್ಕೆ ಈಚಿನವರು ಇಟ್ಟ ಹೆಸರು ಮಜಾಮಾ. ಅದು ಸುಮಾರು ೧೨,೦೦೦ ಅಡಿಗಳ ಎತ್ತರವಿದ್ದ ಶಿಖರವೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದರ ಕೆಳಗೆ ತುಂಬಿಕೊಂಡಿದ್ದ ಶಿಲಾರಸ ಕೆಲವೇ ದಿನಗಳ ಅವಧಿಯಲ್ಲಿ ಹೊರಗೆ ಚಿಮ್ಮಿತು. ಆ ಬೂದಿ ಇಂದಿನ ಹಲವು ರಾಜ್ಯಗಳನ್ನು ದಾಟಿ ಕೆನಡಾ ದೇಶದವರೆಗೂ ಹರಡಿ ಬಿದ್ದಿದೆ. ಒಳಗಿನ ರಸ ಬರಿದಾದೊಡನೆ ಮೇಲಿದ್ದ ಶಿಖರಕ್ಕೆ ಆಧಾರವಿಲ್ಲದಾಯಿತು. ಕಂಬ ಜಾರಿದ ತೊಲೆಯಂತೆ ಅದು ತನ್ನೊಳಗೇ ಕುಸಿಯಿತು. ಶಿಖರವಿದ್ದಲ್ಲಿ ಆಳವಾದ ಕುಂಡವೊಂದು ಉಳಿಯಿತು. ತಳದ ಕಾವು ಆರಿದ ಮೇಲೆ ಮಳೆ ಮತ್ತು ಹಿಮದ ನೀರು ಅಲ್ಲಿ ನಿಲ್ಲತೊಡಗಿ, ಏಳುನೂರು ವರ್ಷಗಳಿಗೂ ಹೆಚ್ಚು ಕಾಲದಲ್ಲಿ ಇಂದಿನ ಮಟ್ಟಕ್ಕೆ ಏರಿತು.

ಇದನ್ನು ಓದುವ ವಿಜಯಪುರದ ಕಡೆಯ ಒಕ್ಕಲು ಮನೆತನದವರು ಬೆಂಕಿಯ ಬೆಟ್ಟವೆಂದರೆ ಪರದೇಶದ ಸಂಗತಿಯೆಂದು ತಿಳಿಯಬೇಕಾಗಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯ ಎರೆಭೂಮಿ, ಗೋಳಗುಮ್ಮಟಕ್ಕೆ ಬಳಸಿದ ಕರಿಗಲ್ಲು, ಇವೆರಡೂ ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹರಿದು ಹೆಪ್ಪುಗಟ್ಟಿದ ಶಿಲಾರಸದ ಮಕ್ಕಳೇ. ನಮ್ಮ ಜೋಳ, ಕಡಲೆ, ಕುಸುಬೆ ಬೆಳೆಯುವುದು ಆರಿದ ಬೆಂಕಿಯ ಮೇಲೆ. ನಮ್ಮ ನೆಲದಲ್ಲಿ ಆ ಕಲ್ಲು ಕೋಟ್ಯಂತರ ವರ್ಷ ಬಿಸಿಲು ಮಳೆಗೆ ಸಿಕ್ಕಿ ಕರಗಿ ಮಣ್ಣಾಯಿತು. ಅಲ್ಲಿ ಅದು ನಿನ್ನೆ ಮೊನ್ನೆಯದು, ಇನ್ನೂ ಮಣ್ಣಾಗಬೇಕಾಗಿದೆ.

ಕಂಡ ಸರೋವರ

ಬಯಲು ದಾಟಿ, ಏರನ್ನೇರಿ, ಬಂಡಿಯಿಂದಿಳಿದು ಹತ್ತು ಹೆಜ್ಜೆ ನಡೆದರೆ ನೆಲ ಮುಗಿಯುತ್ತದೆ. ಕೆಳಗೆ, ಸುಮಾರು ಸಾವಿರ ಅಡಿಗಳ ಆಳದಲ್ಲಿ, ನೀಲಿ. ಆಗಸದ ನೀಲಿಯಲ್ಲ ಅದು, ಕಡಲಿನ ನೀಲಿಯೂ ಅಲ್ಲ; ಮಸಿದೌತಿಯಲ್ಲಿ ನೋಡಿದ ನೀಲಿ. ನೀರಿನಲ್ಲಿ ಕೆಸರಾಗಲಿ ಪಾಚಿಯಾಗಲಿ ಇಲ್ಲದುದರಿಂದ ಬಿಸಿಲಿನ ಇತರ ಬಣ್ಣಗಳೆಲ್ಲ ಆ ಆಳದಲ್ಲಿ ಅಡಗಿಹೋಗಿ ನೀಲಿಯೊಂದೇ ಚದುರಿ ಮೇಲೆ ಬರುತ್ತದೆ. ಸುತ್ತಲೂ ಕಡಿದಾದ ಬಂಡೆಯ ಗೋಡೆ. ಜುಲೈ ತಿಂಗಳಾದರೂ ನೆರಳಿನ ಕೊರಕಲುಗಳಲ್ಲಿ ಹಿಮದ ಪಟ್ಟಿಗಳು ಉಳಿದಿದ್ದವು. ಸೊಳ್ಳೆಗಳ ಕಾಟವೂ ಇತ್ತೆಂಬುದನ್ನು ಮರೆಮಾಚಲಾರೆ.

ಸರೋವರದ ಅಗಲ ಕಡೆಯಿಂದ ಕಡೆಗೆ ನಾಲ್ಕೂವರೆಯಿಂದ ಆರು ಮೈಲಿ, ಆಳ ೧,೯೪೩ ಅಡಿ. ಜೋಗದ ೮೩೦ ಅಡಿಯ ಜಲಪಾತವನ್ನು ಒಂದರ ಮೇಲೊಂದರಂತೆ ಎರಡು ಸಲ ನಿಲ್ಲಿಸಿದರೂ ತುದಿ ನೀರಿನ ಮೇಲೆ ಕಾಣದು. ಆ ದೇಶದಲ್ಲಿ ಇದಕ್ಕಿಂತ ಆಳವಾದ ಸರೋವರ ಬೇರೊಂದಿಲ್ಲ. ೧೮೮೬ರಲ್ಲಿ ಕ್ಲೇರೆನ್ಸ್ ಡಟನ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ಬಂದ ತಂಡವು ದೋಣಿಯೊಂದನ್ನು ಬೆಟ್ಟದ ಮೇಲಕ್ಕೆ ಎಳೆದು, ಗೋಡೆಯಂತಹ ದಂಡೆಯಿಂದ ಕೆಳಗಿಳಿಸಿ, ಪಿಯಾನೋ ವಾದ್ಯದ ತಂತಿಗೆ ಭಾರ ಕಟ್ಟಿ ಇಳಿಬಿಟ್ಟು ಆಳವನ್ನು ಅಳೆಯಿತು. ಅವರಿಗೆ ದೊರೆತ ಅಂಕಿ ೧,೯೯೬ ಅಡಿ. ಇಂದಿನ ಯಂತ್ರಗಳ ಅಳತೆಗೂ ಆ ತಂತಿಯ ಅಳತೆಗೂ ನಡುವಣ ಅಂತರ ೫೩ ಅಡಿ ಮಾತ್ರ. ಶ್ರದ್ಧೆಯಿಂದ ಮಾಡಿದ ಕಾಯಕಕ್ಕೆ ಸಾಧನ ಸಣ್ಣದಾದರೂ ಸಾಕೆಂಬುದಕ್ಕೆ ಇದೊಂದು ನಿದರ್ಶನ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಆ ಸರೋವರಕ್ಕೆ ಹೊರಗಿನಿಂದ ಬಂದು ಸೇರುವ ಹೊಳೆಯೊಂದೂ ಇಲ್ಲ, ಅದರಿಂದ ಹೊರಟುಹೋಗುವ ಹೊಳೆಯೂ ಇಲ್ಲ. ವರ್ಷಕ್ಕೆ ಸರಾಸರಿ ೪೦ ಅಡಿಗಳಿಗೂ ಮಿಕ್ಕಿ ಬೀಳುವ ಹಿಮ ಮತ್ತು ಮಳೆಯೇ ಅದರ ಆದಾಯ. ಆವಿಯಾಗಿ ಏರುವುದು ಮತ್ತು ತಳದಲ್ಲಿ ಇಂಗುವುದು ಅದರ ವೆಚ್ಚ. ಬಂದಷ್ಟು ಹೋಗುತ್ತದೆ, ಹೋದಷ್ಟು ಬರುತ್ತದೆ. ಹೊಳೆಗಳಿಲ್ಲದುದರಿಂದ ಮಣ್ಣು ಬರಲಿಲ್ಲ, ಕಸ ಬರಲಿಲ್ಲ, ಮೀನೂ ಬರಲಿಲ್ಲ. ಬಿಳಿಯ ತಟ್ಟೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟು ಅದು ಎಷ್ಟು ಆಳದವರೆಗೆ ಕಣ್ಣಿಗೆ ಕಾಣುತ್ತದೆಂದು ನೋಡುವುದು ತಿಳಿನೀರಿನ ಪರೀಕ್ಷೆ. ೧೯೯೭ರಲ್ಲಿ ಇಲ್ಲಿ ಅಂತಹ ತಟ್ಟೆ ೧೪೨ ಅಡಿಗಳ ಆಳದವರೆಗೆ ಕಂಡಿತು. ನಮ್ಮೂರ ಬಾವಿಯಲ್ಲಿ ಬಿಂದಿಗೆ ಹತ್ತಡಿ ಇಳಿದರೆ ಕಾಣದಾಗುವುದನ್ನು ಬಲ್ಲವರು ಇದನ್ನು ಊಹಿಸಿಕೊಳ್ಳಬೇಕು.

ಆ ನೀರಿನಲ್ಲಿ ಒಬ್ಬ ಮುದುಕನಿದ್ದಾನೆ. ಮೂವತ್ತಡಿ ಉದ್ದದ ಹೆಮ್ಲಾಕ್ ಮರದ ಕಾಂಡ ಅದು. ಅಡ್ಡವಾಗಿ ತೇಲದೆ ನೆಟ್ಟಗೆ ನಿಂತು, ನಾಲ್ಕಡಿಯಷ್ಟು ತಲೆಯನ್ನು ಹೊರಗಿಟ್ಟು ಸರೋವರವನ್ನೆಲ್ಲ ಸುತ್ತುತ್ತದೆ. ೧೮೯೬ರಲ್ಲಿಯೇ ವಿದ್ವಾಂಸರೊಬ್ಬರು ಅದನ್ನು ಕಂಡು ಬರೆದಿಟ್ಟಿದ್ದಾರೆ. ೧೯೩೮ರಲ್ಲಿ ಅದರ ಸಂಚಾರವನ್ನು ಮೂರು ತಿಂಗಳು ಬೆನ್ನಟ್ಟಿ ಅಳೆದಾಗ ೬೨ ಮೈಲಿಗಳಾದವು. ನೀರು ತಣ್ಣಗೂ ಶುದ್ಧವಾಗಿಯೂ ಇರುವುದರಿಂದ ಮರ ಕೊಳೆತಿಲ್ಲ. "ಸರೋವರದ ಮುದುಕ" ಎಂದು ಅಲ್ಲಿಯ ಜನ ಅದನ್ನು ಕರೆಯುತ್ತಾರೆ. ನನಗಾದರೋ ಸ್ಥಿರವಾಗಿ ನಿಂತು ಸಂಚರಿಸುವ ಜಂಗಮನ ನೆನಪಾಯಿತು.

ಗುಟ್ಟನ್ನು ಕಾಯ್ದವರು

ಈ ನೀರನ್ನು ಮೊದಲು ಪೂಜ್ಯವೆಂದು ಬಗೆದವರು ಕ್ಲಾಮತ್ ಎಂಬ ಮೂಲನಿವಾಸಿಗಳು. ಸರೋವರಕ್ಕೆ ಅವರಿಟ್ಟ ಹೆಸರು ಗೀವಾಸ್. ಪಾತಾಳದ ಒಡೆಯ ಲಾವೋ ಎಂಬುವನು ಈ ಪರ್ವತದ ಬಾಯಿಂದ ಹೊರಬಂದು ಬೆಂಕಿಯನ್ನು ಸುರಿಸಿದನೆಂದೂ, ಮೇಲಣ ಲೋಕದ ಸ್ಕೆಲ್ ಎಂಬ ಒಡೆಯ ದಕ್ಷಿಣದ ಶಾಸ್ತಾ ಶಿಖರದ ಮೇಲೆ ನಿಂತು ಅವನೊಡನೆ ಹೋರಾಡಿದನೆಂದೂ, ಕೊನೆಗೆ ಲಾವೋವನ್ನು ಕೆಳಕ್ಕೆ ತಳ್ಳಿ ಅವನ ಮೇಲೆ ಪರ್ವತವನ್ನೇ ಕೆಡವಿದನೆಂದೂ, ಆ ಗುಂಡಿಯನ್ನು ಮಳೆ ತುಂಬಿತೆಂದೂ ಅವರ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದರು. ಇದು ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಸರೋವರದ ಈಶಾನ್ಯಕ್ಕಿರುವ ಫೋರ್ಟ್ ರಾಕ್ ಎಂಬ ಗುಹೆಯಲ್ಲಿ ಲೂಥರ್ ಕ್ರೆಸ್‌ಮನ್ ಎಂಬ ವಿದ್ವಾಂಸರು ೧೯೩೮ರಲ್ಲಿ ಅಗೆದಾಗ, ಮಜಾಮಾ ಪರ್ವತದ ಬೂದಿಯ ಪದರದ ಕೆಳಗೆ ಗಿಡದ ತೊಗಟೆಯಿಂದ ಹೆಣೆದ ಪಾದರಕ್ಷೆಗಳು ಹತ್ತಾರು ದೊರೆತವು. ಅವು ಒಂಬತ್ತು ಸಾವಿರ ವರ್ಷಗಳಿಗಿಂತ ಹಳೆಯವು. ಪರ್ವತ ಒಡೆಯುವುದಕ್ಕೆ ಮೊದಲೇ ಆ ಸೀಮೆಯಲ್ಲಿ ಜನ ನಡೆದಾಡುತ್ತಿದ್ದರು. ಅಕ್ಷರವಿಲ್ಲದೆ, ಓಲೆಗರಿಯಿಲ್ಲದೆ, ಬಾಯಿಂದ ಬಾಯಿಗೆ ಏಳು ಸಾವಿರ ವರ್ಷಕ್ಕೂ ಮಿಗಿಲಾಗಿ ಒಂದು ನೆನಪು ಉಳಿದುಬಂದಿತು.

ಅವರ ಭಕ್ತಿಯ ಬಗೆ ಗಮನಿಸತಕ್ಕದ್ದು. ಜೀವನದ ಕಷ್ಟಕಾಲದಲ್ಲಿ ದರ್ಶನವನ್ನು ಬಯಸುವವನು ಒಬ್ಬಂಟಿಯಾಗಿ ಅಲ್ಲಿಗೆ ಹೋಗಿ, ಉಪವಾಸವಿದ್ದು, ಅಪಾಯದ ದಂಡೆಗಳನ್ನು ಇಳಿದು ಹತ್ತಿ, ಕಲ್ಲಿನ ಮೇಲೆ ಕಲ್ಲನ್ನು ಪೇರಿಸಿ ಹಿಂತಿರುಗುತ್ತಿದ್ದನು. ಗುಡಿ ಕಟ್ಟಲಿಲ್ಲ, ಸೋಪಾನ ಕಡಿಯಲಿಲ್ಲ. ಹೊರಗಿನವರಿಗೆ ಸರೋವರವಿದೆಯೆಂಬ ಸುಳಿವನ್ನೂ ಕೊಡಲಿಲ್ಲ. ಬಿಳಿಯ ಜನ ಆ ಸೀಮೆಗೆ ಬಂದು ದಶಕಗಳು ಕಳೆದ ಮೇಲೆ, ೧೮೫೩ರ ಜೂನ್ ೧೨ರಂದು, ಚಿನ್ನವನ್ನು ಹುಡುಕುತ್ತ ದಾರಿ ತಪ್ಪಿದ ಜಾನ್ ಹಿಲ್‌ಮನ್ ಮತ್ತು ಜೊತೆಗಾರರು ಅಕಸ್ಮಾತ್ತಾಗಿ ಅಂಚಿಗೆ ಬಂದು ನಿಂತಾಗಲೇ ಅದು ಅವರಿಗೆ ತಿಳಿದದ್ದು. ೧೮೬೪ರ ಒಪ್ಪಂದದಂತೆ ಕ್ಲಾಮತ್ ಜನ ತಮ್ಮ ವಿಶಾಲ ಭೂಮಿಯೊಡನೆ ಈ ಸರೋವರವನ್ನೂ ಕಳೆದುಕೊಂಡರು. ೧೯೫೪ರ ಕಾಯಿದೆಯೊಂದು ಅವರ ಬುಡಕಟ್ಟಿನ ಮಾನ್ಯತೆಯನ್ನೇ ಕಿತ್ತುಕೊಂಡಿತು. ಅದು ಹಿಂತಿರುಗಿದ್ದು ೧೯೮೬ರಲ್ಲಿ. ಸಾವಿರಾರು ವರ್ಷ ಕಾಯ್ದವರ ಕೈಯಿಂದ ತಪ್ಪಿದ ನೀರು ಮುಂದೆ ಯಾರ ಕೈಗೆ ಬಂದಿತೆಂಬುದೇ ಈ ಬರಹದ ಮುಖ್ಯ ಭಾಗ.

ಕಾಪಾಡಿದವನೇ ಮೀನು ತಂದನು

ವಿಲಿಯಂ ಸ್ಟೀಲ್ ಎಂಬುವನು ೧೮೫೪ರಲ್ಲಿ ಹುಟ್ಟಿದವನು. ಕಾನ್ಸಾಸ್ ಸೀಮೆಯಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗನಾಗಿದ್ದಾಗ, ಬುತ್ತಿಗೆ ಸುತ್ತಿದ್ದ ವೃತ್ತಪತ್ರಿಕೆಯ ಹಾಳೆಯಲ್ಲಿ ಈ ಸರೋವರದ ವಿಷಯವನ್ನು ಓದಿ, ಎಂದಾದರೊಮ್ಮೆ ಅದನ್ನು ನೋಡಲೇಬೇಕೆಂದು ಸಂಕಲ್ಪಿಸಿದನೆಂದು ಅವನೇ ಹೇಳಿಕೊಳ್ಳುತ್ತಿದ್ದನು. ೧೮೮೫ರಲ್ಲಿ ಸಂಕಲ್ಪ ಕೈಗೂಡಿತು. ಅಂಚಿನಲ್ಲಿ ನಿಂತ ಆ ದಿನದಿಂದ ಅವನ ಬಾಳು ಸರೋವರಕ್ಕೆ ಮೀಸಲಾಯಿತು. ಮರಕಡಿಯುವವರು, ಕುರಿಗಾಹಿಗಳು, ಗಣಿಯವರು ಆ ನೆಲವನ್ನು ಹಂಚಿಕೊಳ್ಳದಂತೆ ಸರ್ಕಾರ ಕಾಯ್ದಿಡಬೇಕೆಂದು ಹದಿನೇಳು ವರ್ಷಗಳ ಕಾಲ ಬರೆದನು, ಅಲೆದನು, ತನ್ನ ಕೈಯ ಹಣವನ್ನೂ ವೆಚ್ಚಮಾಡಿದನು. ೧೯೦೨ರ ಮೇ ೨೨ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಹಿ ಹಾಕಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಇಂತಹವನನ್ನು ಭಕ್ತನೆನ್ನದೆ ಮತ್ತೇನೆನ್ನಬೇಕು?

ಆದರೆ ಆ ಭಕ್ತನಿಗೆ ತಾನು ಕಂಡ ಸರೋವರದಲ್ಲಿ ಒಂದು ಕೊರತೆ ಕಂಡಿತು. ಇಷ್ಟು ಚೆಲುವಾದ ನೀರಿನಲ್ಲಿ ಮೀನಿಲ್ಲವಲ್ಲ! ನೋಡಲು ಬಂದವರು ಗಾಳ ಹಾಕಿ ಸಂತೋಷಪಡುವಂತಾದರೆ ಸ್ಥಳಕ್ಕೆ ಇನ್ನಷ್ಟು ಕೀರ್ತಿ ಬಂದೀತಲ್ಲ! ೧೮೮೮ರಲ್ಲಿ ಅವನು ರೋಗ್ ನದಿಯ ಕಡೆಯಿಂದ ಟ್ರೌಟ್ ಜಾತಿಯ ಮೀನಿನ ಮರಿಗಳನ್ನು ಬಕೀಟಿನಲ್ಲಿ ತುಂಬಿಕೊಂಡು, ದಾರಿಯುದ್ದಕ್ಕೂ ನೀರು ಬದಲಾಯಿಸುತ್ತ, ಬೆಟ್ಟವನ್ನೇರಿದನು. ಬಹುಪಾಲು ಮರಿಗಳು ದಾರಿಯಲ್ಲಿ ಸತ್ತವು. ಉಳಿದ ಕೆಲವನ್ನು ಅವನು ಸರೋವರಕ್ಕೆ ಬಿಟ್ಟನು. ಎಷ್ಟು ಕಷ್ಟದ ಸೇವೆ! ಅವನನ್ನು ಮುಂದಿನವರು ಅನುಸರಿಸಿದರು. ೧೯೪೧ರವರೆಗೆ ಆರು ಜಾತಿಗಳ ಹದಿನೆಂಟು ಲಕ್ಷದಷ್ಟು ಮೀನುಗಳನ್ನು ಅಲ್ಲಿ ತಂದು ಸುರಿದರು. ಇಂದು ಉಳಿದಿರುವುದು ಎರಡು ಜಾತಿ.

ಮೀನಿಗೆ ಅಲ್ಲಿ ಆಹಾರ ಸಾಲದೆಂದು ಕಂಡಿತು. ೧೯೧೫ರಲ್ಲಿ, ಸ್ಟೀಲ್ ಆ ಉದ್ಯಾನದ ಮೇಲ್ವಿಚಾರಕನಾಗಿದ್ದ ಕಾಲದಲ್ಲಿಯೇ, ಮೀನಿಗೆ ಮೇವಾಗಲೆಂದು ಕ್ರೇಫಿಶ್ ಎಂಬ ಸಿಹಿನೀರಿನ ಸಿಗಡಿಯನ್ನು ತಂದು ಬಿಟ್ಟರು. ಒಂದು ಕೊರತೆಯನ್ನು ತುಂಬಲು ಹೋಗಿ ಇನ್ನೊಂದು ಕೊರತೆ, ಅದನ್ನು ತುಂಬಲು ಮತ್ತೊಂದು ಜೀವಿ. ಮೊದಮೊದಲು ಸಿಗಡಿ ಎಲ್ಲೋ ಒಂದು ಮೂಲೆಯಲ್ಲಿತ್ತು. ನೂರು ವರ್ಷಗಳಲ್ಲಿ ಅದು ದಂಡೆಯ ನೂರಕ್ಕೆ ತೊಂಬತ್ತೈದರಷ್ಟು ಭಾಗವನ್ನು ಆಕ್ರಮಿಸಿತು.

ಈಗ ಕೇಳಬೇಕಾದುದು ಬಡಪ್ರಾಣಿಯೊಂದರ ಕಥೆ. ಮಜಾಮಾ ನ್ಯೂಟ್ ಎಂಬುದು ಕಪ್ಪೆಯ ಬಳಗಕ್ಕೆ ಸೇರಿದ, ನೋಡಲು ಹಲ್ಲಿಯಂತಿರುವ ಜೀವಿ. ಜಗತ್ತಿನಲ್ಲಿ ಈ ಸರೋವರವೊಂದೇ ಅದರ ಮನೆ. ಅದರ ಬಂಧುಗಳಾದ ಇತರ ನ್ಯೂಟುಗಳ ಮೈಯಲ್ಲಿ ಘೋರವಾದ ವಿಷವಿರುತ್ತದೆ. ಅದೇ ಅವುಗಳ ರಕ್ಷೆ. ತಿನ್ನುವವರಿಲ್ಲದ ಈ ನೀರಿನಲ್ಲಿ ಸಾವಿರಾರು ವರ್ಷ ಬಾಳಿದ ಮಜಾಮಾ ನ್ಯೂಟಿನಲ್ಲಿ ಆ ವಿಷ ಬಹಳ ಕಡಿಮೆ. ಹಗೆಯಿಲ್ಲದೆಡೆ ಬೆಳೆದು ವಿಷವನ್ನು ತೊರೆದ ಈ ಸಾಧುಪ್ರಾಣಿಯನ್ನು ಸಿಗಡಿಗಳು ತಿನ್ನುತ್ತಿವೆ, ಅದರ ಮೇವನ್ನೂ ಅಡಗುದಾಣವನ್ನೂ ಕಸಿದುಕೊಳ್ಳುತ್ತಿವೆ. ಹಿಂದೆ ದಂಡೆಯುದ್ದಕ್ಕೂ ಇದ್ದುದು ಇಂದು ಅಳಿವಿನಂಚಿಗೆ ಬಂದು ನಿಂತಿದೆ. ಪಾಚಿಯನ್ನು ಮೇಯುವ ಸಣ್ಣ ಹುಳುಗಳನ್ನೂ ಸಿಗಡಿ ತಿಂದುಹಾಕುವುದರಿಂದ ಅದಿರುವೆಡೆ ದಂಡೆಯ ಕಲ್ಲುಗಳ ಮೇಲೆ ಪಾಚಿ ಹೆಚ್ಚುತ್ತಿದೆ. ಅಷ್ಟು ದೊಡ್ಡ ಸರೋವರದಿಂದ ಸಿಗಡಿಯನ್ನು ಸಂಪೂರ್ಣವಾಗಿ ತೆಗೆಯುವ ಉಪಾಯ ಯಾರಿಗೂ ತಿಳಿದಿಲ್ಲ. ಬಿಡುವುದಕ್ಕೆ ಒಂದು ಬಕೀಟು ಸಾಕಾಯಿತು; ತೆಗೆಯುವುದಕ್ಕೆ ಒಂದು ದೇಶದ ವಿದ್ಯೆ ಸಾಲದಾಗಿದೆ.

ಇಲ್ಲಿ ದುಷ್ಟರಾರೂ ಇಲ್ಲವೆಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಲೋಭದಿಂದ ಬಂದವರನ್ನು ಸ್ಟೀಲ್ ತಡೆದನು. ಪ್ರೀತಿಯಿಂದ ಬಂದ ತನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ಬಾಗಿನದ ಪ್ರಶ್ನೆ

ನಮ್ಮ ಜೊತೆಗಿದ್ದ ಅಜ್ಜಿಯವರು ಮನೆಯಿಂದ ಹೊರಡುವಾಗಲೇ ಒಂದು ಗಂಟನ್ನು ಕಟ್ಟಿಕೊಂಡಿದ್ದರು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಸಿನ ಕುಂಕುಮ, ಹಸಿರು ಬಳೆ. ಕೆರೆ ತುಂಬಿದಾಗ ಗಂಗವ್ವನಿಗೆ ಬಾಗಿನ ಬಿಡುವ ನಮ್ಮ ನಾಡಿನ ಪದ್ಧತಿ ಎಲ್ಲರಿಗೂ ತಿಳಿದದ್ದೇ. ನೀರಿನವರೆಗೆ ಇಳಿಯಲು ಕ್ಲೀಟ್‌ವುಡ್ ಎಂಬ ಒಂದೇ ಹಾದಿಯಿದೆ. ಮೈಲಿಯೊಂದರಲ್ಲಿ ಸುಮಾರು ಏಳುನೂರು ಅಡಿ ಇಳಿಯುವ ಅದು ಆ ವರ್ಷ ತೆರೆದಿತ್ತು. (ಮುಂದೆ ಹೋಗುವವರು ಹಾದಿ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡುವುದು ಲೇಸು.) ನನ್ನಂತೆ ಅಜ್ಜಿಯವರಿಗೂ ಇಳಿಯುವುದು ಸಾಧ್ಯವಿರಲಿಲ್ಲ. ಗಂಟನ್ನು ಮೊಮ್ಮಗನ ಕೈಗಿಟ್ಟು, "ಸಾವಕಾಶ ಹೋಗಿ ನೀರಾಗ ಬಿಟ್ಟು ಕೈ ಮುಗದು ಬಾರಪ್ಪಾ" ಎಂದರು.

ಹುಡುಗ ತಡವರಿಸುತ್ತ, "ಆಯೀ, ಇಲ್ಲಿ ಏನೂ ಬಿಡಬಾರದು. ಹೊರಗಿನ ದೋಣಿ ಸಹಿತ ನೀರಿಗಿಳಿಸೋ ಹಂಗಿಲ್ಲ" ಎಂದನು.

ಅಜ್ಜಿಯವರ ಮುಖ ಕಂದಿತು. ನನ್ನ ಕಡೆಗೆ ತಿರುಗಿ, "ಶಾಸ್ತ್ರಿಗಳೇ, ನೀವರ ಹೇಳ್ರೀ. ಇಷ್ಟು ದೊಡ್ಡ ಗಂಗವ್ವನ ಮುಂದ ಬರಿಗೈಲೆ ಹ್ಯಾಂಗ ನಿಲ್ಲೂದ್ರೀ? ಅಕ್ಕಿ ಬೆಲ್ಲ ಏನು ವಿಷ ಏನ್ರೀ?" ಎಂದು ಕೇಳಿದರು.

ನಾನು ಅವರಿಗೆ ಸ್ಟೀಲನ ಮೀನಿನ ಕಥೆಯನ್ನು ಹೇಳಿದೆನು. "ತಾಯೀ, ಅವನೂ ನಿಮ್ಮಂತೆಯೇ ಪ್ರೀತಿಯಿಂದ ತಂದವನು. ಈ ಗಂಗವ್ವನಿಗೆ ಕೊರತೆಯೇ ಇರಲಿಲ್ಲ, ಕೊರತೆ ಕಂಡದ್ದು ಅವನ ಕಣ್ಣಿಗೆ. ಏನೂ ಬೇಡವೆಂದು ನಿಂತವಳ ಮುಂದೆ ನಾವು ಏನನ್ನೂ ಬಿಡದೆ ನಿಲ್ಲುವುದೇ ಬಾಗಿನವಾಗಬಾರದೇಕೆ?" ಎಂದೆನು.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಒಂದು ಬಂಡೆಯ ಮಗ್ಗುಲಲ್ಲಿ ಕುಳಿತು, ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯ ಮೇಲಿಟ್ಟುಕೊಂಡು ದಿಟ್ಟಿಸುತ್ತ ಕುಳಿತರು. ಕಾಲುಗಂಟೆ ಕಳೆದಿರಬಹುದು. ಎದ್ದು ಬಂದವರು, "ಬ್ಯಾರೇನೂ ಬೇಕಾಗಲಿಲ್ಲ ನೋಡ್ರೀ" ಎಂದರು. ಆ ಗಂಟಿನ ಅಕ್ಕಿ ಬೇಳೆ ಬೆಲ್ಲಗಳು ಪೋರ್ಟ್‌ಲ್ಯಾಂಡಿಗೆ ಹಿಂತಿರುಗಿದ ಮರುದಿನ ಹುಗ್ಗಿಯಾಗಿ, ನೆರೆಹೊರೆಯ ನಾಲ್ಕಾರು ಮನೆಗಳ ಮಕ್ಕಳಿಗೆ ಪ್ರಸಾದವಾದವು. ಸಲ್ಲಬೇಕಾದಲ್ಲಿಗೆ ಬಾಗಿನ ಸಂದಿತು.

ಸೊನ್ನಲಿಗೆಯ ಪಾಠ

ಈ ಸಂದರ್ಭದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯದಿರಲಾಗದು. ಇಂದಿನ ಸೊಲ್ಲಾಪುರದಲ್ಲಿ ಅವರು ಕೆರೆಯನ್ನು ತೋಡಿಸಿದರು, ಗುಡಿಗಳನ್ನು ಕಟ್ಟಿಸಿದರು, ಸಾವಿರಾರು ಜನಕ್ಕೆ ಕಾಯಕವನ್ನೂ ನೀರನ್ನೂ ಕೊಟ್ಟರು. ಅಲ್ಲಿಗೆ ಅಲ್ಲಮಪ್ರಭುಗಳು ಬಂದು ಆ ಮಹಾಕಾರ್ಯವನ್ನು ನೋಡಿ ಮೆಚ್ಚುವುದರ ಬದಲು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಅಲ್ಲಮರು ಕೆರೆಯನ್ನು ಹಳಿದರೆಂದು ತಿಳಿಯುವುದು ಸರಿಯಲ್ಲ. ಕೆರೆಯಿಂದ ಜನರ ಬಾಯಾರಿಕೆ ತಣಿಯುತ್ತದೆ. ಆದರೆ "ನಾನು ತೋಡಿಸಿದೆ" ಎಂಬ ಭಾವ ಉಳಿದಿದ್ದರೆ ತೋಡಿಸಿದವನ ಬಾಯಾರಿಕೆ ತಣಿಯದು. ಅವರು ಕಿತ್ತುಹಾಕಲು ಬಂದದ್ದು ಆ "ನಾನು" ಎಂಬುದನ್ನು. ಸಿದ್ಧರಾಮರು ಅದನ್ನು ಅರಿತು ಕಲ್ಯಾಣಕ್ಕೆ ಬಂದು, ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಅವರ ಕೆರೆಯೂ ಉಳಿಯಿತು, ಅವರೂ ಶಿವಯೋಗಿಯಾದರು.

ಆರೆಗಾನಿನ ಭಕ್ತನಿಗೆ ಅಲ್ಲಮರಂತಹ ಗುರು ದೊರೆಯಲಿಲ್ಲ. ಕಾಯುವ ಕೆಲಸದಲ್ಲಿ ಅವನು ತನ್ನನ್ನು ಮರೆತನು, ಆದ್ದರಿಂದ ಅದು ನೂರು ವರ್ಷ ನಿಂತಿತು. ಅಂದಗೊಳಿಸುವ ಕೆಲಸದಲ್ಲಿ "ನಾನು ಇದನ್ನು ಇನ್ನಷ್ಟು ಚೆನ್ನಾಗಿ ಮಾಡುವೆನು" ಎಂಬ ಸಣ್ಣ ದನಿಯೊಂದು ಸೇರಿಕೊಂಡಿತು, ಆದ್ದರಿಂದ ಅದು ನೂರು ವರ್ಷ ಕಾಡಿತು. ಕೂಡಿಸುವುದಕ್ಕೂ ಕಾಯುವುದಕ್ಕೂ ಇರುವ ಅಂತರ ಇಷ್ಟೇ. ತೋಡಬೇಕಾದೆಡೆ ಸಿದ್ಧರಾಮರಂತೆ ತೋಡಬೇಕು, ತುಂಬಿ ನಿಂತೆಡೆ ಕ್ಲಾಮತ್ ಹಿರಿಯರಂತೆ ಕೈಕಟ್ಟಿ ನಿಲ್ಲಬೇಕು. ಯಾವೆಡೆ ಯಾವುದೆಂಬ ವಿವೇಕವೇ ಅರಿವು.

ನಮ್ಮ ಮನೆಯ ಮಾತು

ಈ ವಿವೇಕ ನಮ್ಮ ಕೆರೆಗಳಿಗೆ ಎಂದೋ ಬೇಕಾಗಿತ್ತು. ನೀಲಿ ಹೂವಿನ ಚೆಲುವಿಗೆ ಮರುಳಾಗಿ ದಕ್ಷಿಣ ಅಮೆರಿಕದಿಂದ ತಂದ ಜಲಕಳೆ ಇಂದು ನಮ್ಮ ಎಷ್ಟೋ ಕೆರೆಗಳ ಉಸಿರು ಕಟ್ಟಿಸಿದೆ. ಬೇಗ ಬೆಳೆದು ಲಾಭ ಕೊಡುವುದೆಂದು ತಂದ ಆಫ್ರಿಕಾದ ಕ್ಯಾಟ್‌ಫಿಶ್ ಮೀನು ನಾಡಿನ ಮೀನುಗಳನ್ನೇ ತಿಂದುಹಾಕುವುದನ್ನು ಕಂಡು ಸರ್ಕಾರ ಅದರ ಸಾಕಣೆಯನ್ನು ನಿಷೇಧಿಸಬೇಕಾಯಿತು. ಮಠದ ಕಲ್ಯಾಣಿಗೆ, ಊರ ಕೆರೆಗೆ, ಹೊಳೆಗೆ ನಾವು ಬಿಡುವ ಹೂವು, ಬಟ್ಟೆ, ಎಣ್ಣೆ, ಪ್ಲಾಸ್ಟಿಕ್ ಚೀಲಗಳ ಸಮೇತವಾದ ಪೂಜಾಸಾಮಗ್ರಿ, ಇವೆಲ್ಲ ಭಕ್ತಿಯ ಹೆಸರಿನಲ್ಲಿಯೇ ನೀರಿಗೆ ಸೇರುತ್ತಿವೆ. ಬಾಗಿನದ ಅಕ್ಕಿ ಬೇಳೆ ಹಸಿದವರ ಮನೆಗೆ ಹೋಗಲಿ. ಹೂವು ಗೊಬ್ಬರವಾಗಿ ತೋಟಕ್ಕೆ ಹೋಗಲಿ. ನೀರಿಗೆ ನಮ್ಮ ನಮಸ್ಕಾರವಷ್ಟೇ ಹೋಗಲಿ. ಇದರಿಂದ ಧರ್ಮಕ್ಕೆ ಊನವಿಲ್ಲ. ದಾಸೋಹವೆಂದರೆ ಇದೇ.

ಹೊರಗಿನ ಕೆರೆಗಿಂತ ನಮಗೆ ಹತ್ತಿರವಾದದ್ದು ಇನ್ನೊಂದಿದೆ. ಶರಣರು ಕೊಟ್ಟ ಪೂಜೆ ಅತ್ಯಂತ ಸರಳವಾದುದು. ಅಂಗೈಯೇ ಪೀಠ, ನೋಟವೇ ಆರತಿ, ಒಂದಿಷ್ಟು ನೀರು, ವಿಭೂತಿ, ಒಂದು ಪತ್ರೆ. ಬಡವನಿಗೂ ಸಾಧ್ಯ, ಒಡೆಯನಿಗೂ ಸಾಧ್ಯ. ಅದಕ್ಕೆ ಹೊರಗಿನ ಹೊಳೆ ಬೇಕಾಗಿಲ್ಲ. ಆದರೆ ನಾವು ಪ್ರೀತಿಯಿಂದಲೇ ಒಂದೊಂದಾಗಿ ಕೂಡಿಸುತ್ತ ಬಂದಿದ್ದೇವೆ. ದೀಕ್ಷೆಗೆ ಆಡಂಬರದ ಮಂಟಪ, ಪೂಜೆಗೆ ಬೆಳ್ಳಿಯ ಸಾಲು, ಲಗ್ನಕ್ಕೆ ಸಾಲ ಮಾಡಿ ತಂದ ಸಂಭ್ರಮ, ಶುಭಕಾರ್ಯಕ್ಕೆ ಶರಣರು ಬಿಡಿಸಿದ ರಾಹುಕಾಲ ಗುಳಿಕಕಾಲ. ಪ್ರತಿಯೊಂದನ್ನು ತಂದವರೂ ಒಳ್ಳೆಯವರೇ, ಮನೆತನಕ್ಕೆ ಶೋಭೆ ಬರಲೆಂದು ತಂದವರೇ. ಒಂದನ್ನು ಪೋಷಿಸಲು ಇನ್ನೊಂದು ಬಂದಿತು, ಮೀನಿಗಾಗಿ ಸಿಗಡಿ ಬಂದಂತೆ. ಈ ನಡುವೆ ನಮ್ಮೊಳಗಿದ್ದ ವಿಷವಿಲ್ಲದ ಸಾಧುಪ್ರಾಣಿ, ಅಂದರೆ ದಿನವೂ ಕಾಲುಗಂಟೆ ಲಿಂಗವನ್ನು ನೋಡುತ್ತ ಸುಮ್ಮನೆ ಕುಳಿತಿರುವ ಆ ಶಕ್ತಿ, ಯಾವ ಬಂಡೆಯ ಸಂದಿಗೆ ಸರಿದಿದೆಯೋ ನೋಡಿಕೊಳ್ಳಬೇಕು. ಅದು ಇನ್ನೂ ಅಳಿದಿಲ್ಲವೆಂಬುದೇ ನನ್ನ ನಂಬಿಕೆ. ಅಳಿಯದಂತೆ ಕಾಯುವ ಕಾಲವಿದು.

ಮಕ್ಕಳಿಗೆ ಧರ್ಮವನ್ನು ಕಲಿಸುವ ತಾಯಿತಂದೆಗಳು ಈ ತಿಂಗಳು ಒಂದು ಸಣ್ಣ ನಿಯಮವನ್ನು ಹಿಡಿದು ನೋಡಲಿ. ಮನೆಯ ಪೂಜೆಗೆ ಹೊಸದೇನನ್ನೂ ಸೇರಿಸದೆ, ಇರುವುದರಲ್ಲಿ ಅಗತ್ಯವಿಲ್ಲದ ಒಂದನ್ನು ಬಿಡಲಿ. ಬಿಟ್ಟುದರಿಂದ ಉಳಿದ ಹೊತ್ತನ್ನು ಲಿಂಗದ ಮುಂದೆಯೂ, ಉಳಿದ ಹಣವನ್ನು ಜಂಗಮದ ಮುಂದೆಯೂ ಇಡಲಿ. ಒಳಗಿನ ನೀರು ಎಷ್ಟು ಆಳದವರೆಗೆ ತಿಳಿಯಾಗಿದೆ ಎಂಬುದನ್ನು ಅಳೆಯಲು ಯಾವ ತಟ್ಟೆಯೂ ಬೇಡ. ಮನೆಯ ಮಾತಿನಲ್ಲಿ, ನೆರೆಯವರೊಡನೆ ನಡೆಯುವ ನಡೆಯಲ್ಲಿ ಅದು ತಾನಾಗಿ ಕಾಣುತ್ತದೆ.